ಒಡೆಯರ್ ಅಂದ್ರೆ ರಾಜನಾ, ಅಯ್ಯನೋರಾ, ಸರ್ಕಾರಿ ಆಫೀಸರಾ?

ಇದು ಹೋದ ವಾರದ ಮಾತಿನ ಬರಹರೂಪ. ಮೆಟ್ರೋದಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ, ಮೀಟಿಂಗ್ ಮಧ್ಯೆ ಕದ್ದು ಓದೋರಿಗೆ. ವಿಡಿಯೋದಲ್ಲಿ ಅವಸರದಲ್ಲಿ ದಾಟಿಸಿದ್ದನ್ನ ಇಲ್ಲಿ ಬಿಡಿಸಿ ಬರೆದಿದ್ದೀನಿ. ಕ್ಯಾಮೆರಾ ಮುಂದೆ ಹೇಳೋಕೆ ಬಾಯಿ ಬರದ ಒಂದು ಮನೆ ವಿಷಯವನ್ನೂ ಕೊನೆಗೆ ಸೇರಿಸಿದ್ದೀನಿ.

ಶುರು ಆಗಿದ್ದು ಒಂದು ಪೇಟದಿಂದ.

ಗುರುಗ್ರಾಮದಲ್ಲಿ ಸೋಹ್ನಾ ರೋಡ್ ಕಡೆಯ ಒಂದು ಸೊಸೈಟಿಯಲ್ಲಿ ಕನ್ನಡದವರು ಸೇರಿ ರಾಜ್ಯೋತ್ಸವ ಮಾಡಿದ್ರು. ನನ್ನನ್ನ ಇತಿಹಾಸದ ಬಗ್ಗೆ ಹತ್ತು ನಿಮಿಷ ಮಾತಾಡೋಕೆ ಕರೆದಿದ್ರು. ನನ್ನ ಸರ್‌ನೇಮ್ ‘ಒಡೆಯರ’. ನಿರೂಪಣೆ ಮಾಡ್ತಿದ್ದ ಹುಡುಗಿ ಮೈಕಲ್ಲಿ ಅದನ್ನ ಸ್ವಲ್ಪ ಎಳೆದೇ ಹೇಳಿದಳು. ಯಾರೋ ಬಂದು ತಲೆ ಮೇಲೆ ಮೈಸೂರು ಪೇಟ ಇಟ್ಟರು. ಮುಂದಿನ ಸಾಲಲ್ಲಿದ್ದ ಹಿಂದಿ ಮಾತಾಡೋ ಅಂಕಲ್ ಒಬ್ಬರು, ಸೊಸೈಟಿ ಕಮಿಟಿಯವರು, ಎದ್ದು ನಿಂತು ಕೈ ಕುಲುಕಿ ಕೇಳಿದ್ರು: “ಮೈಸೂರ್ ಪ್ಯಾಲೇಸ್‌ವಾಲೇ? ರಾಯಲ್ ಫ್ಯಾಮಿಲಿ?”

ಅಲ್ಲ ಅನ್ನಬೇಕಿತ್ತು. ಒಂದೆರಡು ಸೆಕೆಂಡ್ ಸುಮ್ನೆ ನಕ್ಕೆ. ಆ ಎರಡು ಸೆಕೆಂಡ್ ಫೋಟೋದಲ್ಲಿ ಕೂತುಬಿಟ್ಟಿದೆ. ಪೇಟ, ನಗು, ಕೈಕುಲುಕು ಎಲ್ಲ ಇದೆ. ಫೋಟೋ ನೋಡಿದವರು ಗ್ರೂಪಲ್ಲಿ ‘ಮಹಾರಾಜ’ ಅಂತ ಇಮೋಜಿ ಹಾಕಿದ್ರು.

ಊಟದ ಹೊತ್ತಲ್ಲಿ ಪಕ್ಕದಲ್ಲಿ ಕೂತವನು ಸಾಗರ ತಾಲ್ಲೂಕಿನವನು, ನನ್ನ ವಯಸ್ಸಿನವನೇ, ಕ್ಲೌಡ್‌ನಲ್ಲಿ ಕೆಲಸ. ಬಿಸಿಬೇಳೆಬಾತ್ ಕಲಸ್ತಾ ತಮಾಷೆಯಾಗೇ ಹೇಳಿದ: “ಬೇಜಾರು ಮಾಡ್ಕೋಬೇಡಿ ಮಾರಾಯ್ರೆ. ಒಡೆಯರು ಅಂದ್ರೆ ನಿಮಗೆಲ್ಲ ಅರಮನೆ ನೆನಪಾಗ್ತದೆ. ನಮ್ಮನೇಲಿ ಕೊಳಗ ನೆನಪಾಗ್ತದೆ. ನಮ್ಮಜ್ಜ ಗೇಣಿದಾರ. ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿದ್ರು.”

ನನಗೋ, ಆ ಪದ ಕೇಳಿದ್ರೆ ನೆನಪಾಗೋದು ಅರಮನೆಯೂ ಅಲ್ಲ, ಕೊಳಗವೂ ಅಲ್ಲ. ಹಿರೇಕೆರೂರು ಕಡೆಯ ನಮ್ಮ ಹಳ್ಳಿಯಲ್ಲಿ, ಹೆಗಲಿಗೆ ಜೋಳಿಗೆ ಹಾಕ್ಕೊಂಡು, ಕೈಯಲ್ಲಿ ಬೆತ್ತ ಹಿಡಿದು, ಮನೆಮನೆ ಮುಂದೆ ನಿಂತು ಕಂತಿಭಿಕ್ಷೆ ತರ್ತಿದ್ದ ನಮ್ಮಜ್ಜ. ನಾವು ಜಂಗಮರು. ಅಜ್ಜ ಊರಿಗೆ ‘ಅಯ್ಯಾರು’, ಸರ್ಕಾರಿ ಕಾಗದದಲ್ಲಿ ‘ಒಡೆಯರ’.

ಒಂದೇ ಪದ. ಒಬ್ಬನಿಗೆ ಅರಮನೆ, ಒಬ್ಬನಿಗೆ ಕೊಳಗ, ಇನ್ನೊಬ್ಬನಿಗೆ ಜೋಳಿಗೆ. ಮೂರೂ ಹೆಂಗೆ ನಿಜ ಆಗೋಕೆ ಸಾಧ್ಯ? ಇದನ್ನ ನೋಡ್ಬೇಕು ಅನ್ನಿಸ್ತು.

ಒಡೆ, ಒಡವೆ, ಒಡೆಯ

ಮೊದಲು ಬೇರು. ‘ಒಡೆಯ’ ಅಪ್ಪಟ ದ್ರಾವಿಡ ಪದ. ತಮಿಳಿನಲ್ಲಿ ‘ಉಡೈ’ ಅಂದ್ರೆ ಹೊಂದಿರುವುದು, ತನ್ನದಾಗಿರುವುದು. ಅಲ್ಲಿ ‘ಉಡೈಯಾರ್’, ಇಲ್ಲಿ ‘ಒಡೆಯರ್’. ನಮ್ಮ ‘ಒಡವೆ’ ಕೂಡ ಇದೇ ಮನೆಯ ಪದ. ಈಗ ಒಡವೆ ಅಂದ್ರೆ ಚಿನ್ನ ಅಷ್ಟೇ, ಹಳಗನ್ನಡದಲ್ಲಿ ಇರುವ ಸ್ವತ್ತೆಲ್ಲ ಒಡವೆಯೇ. ಒಡೆತನ, ಒಡತಿ ಎಲ್ಲ ಅಲ್ಲಿಂದಲೇ. ಕೊನೆಯ ‘ಅರ್’ ಗೌರವದ ಬಹುವಚನ. ‘ಅವನು’ ಹೋಗಿ ‘ಅವರು’ ಆಗುತ್ತಲ್ಲ, ಹಂಗೆ.

ನಮ್ಮ ಫೀಲ್ಡಿನ ಭಾಷೆಯಲ್ಲಿ ಹೇಳೋದಾದ್ರೆ ಒಡೆಯ ಅಂದ್ರೆ ಓನರ್. ಪ್ರಾಡಕ್ಟ್ ಓನರ್, ಕೋಡ್ ಓನರ್, ಟಿಕೆಟ್ ಓನರ್ ಅಂತ ದಿನಾ ಹೇಳ್ತೀವಲ್ಲ, ಅದೇ. ಆದ್ರೆ ಪ್ರಾಡಕ್ಟ್ ಓನರ್‌ಗೆ ಪ್ರಾಡಕ್ಟ್ ಸ್ವಂತದ್ದಾ? ಅಲ್ಲ. ಕಂಪನಿಯದು. ಅವನದ್ದು ಹೊಣೆ ಮಾತ್ರ. ‘ಒಡೆಯ’ ಪದದ ಇಡೀ ಚರಿತ್ರೆಯಲ್ಲಿ ಈ ಗೊಂದಲ ಇದೆ: ಯಾರ ಹತ್ರ ಏನಿದೆ, ಯಾರ ಪರವಾಗಿ ಇದೆ ಅನ್ನೋದು.

ಇನ್ನೊಂದು ತಮಾಷೆ ಹೇಳಿ ಮುಂದೆ ಹೋಗ್ತೀನಿ. ದೆಹಲಿ ಕಡೆ ನನ್ನ ಹೆಸರು ಕೇಳಿದವರಲ್ಲಿ ಅರ್ಧ ಜನ ‘ವಡೇರಾ’ ಅಂದ್ಕೊಂಡು “ಪಂಜಾಬಿನವರಾ?” ಅಂತಾರೆ. ಪಂಜಾಬಿಯಲ್ಲಿ ವಡೇರಾ ಅಂದ್ರೆ ಹಿರಿಯ, ಸಿಂಧಿಯಲ್ಲಿ ವಡೇರೋ ಅಂದ್ರೆ ಜಮೀನ್ದಾರ. ಸದ್ದು ಹತ್ತಿರ, ಅರ್ಥ ಇನ್ನೂ ಹತ್ತಿರ. ಆದರೆ ನೆಂಟಸ್ತಿಕೆ ಇಲ್ಲ. ಅದು ‘ದೊಡ್ಡದು’ ಅನ್ನೋ ಅರ್ಥದ ಉತ್ತರದ ಬೇರಿನಿಂದ ಬಂದದ್ದು, ನಮ್ಮದು ‘ಇರುವುದು’ ಅನ್ನೋ ದಕ್ಷಿಣದ ಬೇರಿನಿಂದ. ಹೆಸರು ಒಂದೇ ಥರ ಕೇಳಿಸಿದ ಮಾತ್ರಕ್ಕೆ ನೆಂಟರಾಗಲ್ಲ ಅನ್ನೋದಕ್ಕೆ, ಪೇಟ ಹಾಕ್ಕೊಂಡ ನಾನೇ ಸಾಕ್ಷಿ.

ಏನೂ ಇಲ್ಲದ ಒಡೆಯ

ಹನ್ನೆರಡನೇ ಶತಮಾನದ ಕಲ್ಯಾಣಕ್ಕೆ ಹೋಗೋಣ. ಬಿಜ್ಜಳನ ಆಳ್ವಿಕೆ. ಬಸವಣ್ಣನವರು ಅವನ ಭಂಡಾರದ ಹೊಣೆ ಹೊತ್ತವರು. ಇವತ್ತಿನ ಲೆಕ್ಕದಲ್ಲಿ ಫೈನಾನ್ಸ್ ಸೆಕ್ರೆಟರಿ ಅನ್ನಿ, ಮಂತ್ರಿ ಅನ್ನಿ. ಅಧಿಕಾರದ ಕೀಲಿಕೈ ಸೊಂಟದಲ್ಲಿ ಇದ್ದ ಮನುಷ್ಯ. ಅವರು ತಮ್ಮ ವಚನಗಳಲ್ಲಿ ‘ಒಡೆಯ’ ಅಂತ ಕರೆದದ್ದು ದೇವರನ್ನ, ಆಮೇಲೆ ಶರಣರನ್ನ, ಜಂಗಮರನ್ನ. ತಮ್ಮನ್ನ ಕರೆದುಕೊಂಡದ್ದು ಆಳು, ಕಿಂಕರ ಅಂತ.

ಇದನ್ನ ಸುಮ್ನೆ ವಿನಯ ಅಂತ ಓದಬೇಡಿ. ಜಂಗಮ ಅಂದ್ರೆ ಚಲಿಸುವವನು. ಅವನಿಗೆ ಮನೆ ಇಲ್ಲ, ಹೊಲ ಇಲ್ಲ, ಭಂಡಾರ ಇಲ್ಲ. ‘ಹೊಂದಿರುವವನು’ ಅನ್ನೋ ಅರ್ಥದ ಪದವನ್ನ ಏನೂ ಹೊಂದಿಲ್ಲದವನಿಗೆ ಕೊಟ್ಟರು. ಭಂಡಾರ ಇರುವವನು ಆಳಾದ, ಜೋಳಿಗೆ ಇರುವವನು ಒಡೆಯನಾದ. ಪದವನ್ನ ತಲೆಕೆಳಗು ಮಾಡಿ ನಿಲ್ಲಿಸಿದ್ದು ಅದು.

ಅಲ್ಲಿಂದ ‘ಒಡೆಯರು’ ಅನ್ನೋದು ಜಂಗಮರ ಹೆಸರಿಗೆ ಅಂಟಿಕೊಳ್ತು. ಅವರಿಗೆ ಮಾತ್ರ ಅಲ್ಲ. ಬೇರೆ ಪಂಥಗಳ ಯತಿಗಳಿಗೂ ಈ ಗೌರವ ಸಂದಿದೆ. ಕೃಷ್ಣದೇವರಾಯನ ಕಾಲದ ಶಾಸನಗಳಲ್ಲಿ ಮಾಧ್ವ ಯತಿ ವ್ಯಾಸತೀರ್ಥರು ‘ಶ್ರೀಪಾದ ಒಡೆಯರು’. ಗೋವಾದ ಪರ್ತಗಾಳಿಯಲ್ಲಿರುವ ಗೌಡ ಸಾರಸ್ವತರ ವೈಷ್ಣವ ಮಠದ ಗುರುಗಳ ಹೆಸರಿನ ಜೊತೆ ಇವತ್ತಿಗೂ ‘ಶ್ರೀಪಾದ ವಡೇರ್ ಸ್ವಾಮೀಜಿ’ ಅಂತಲೇ ಬರುತ್ತೆ. ಕೊಂಕಣಿ ಬಾಯಲ್ಲಿ ಒಡೆಯರ್ ವಡೇರ್ ಆಗಿದೆ, ಅಷ್ಟೇ.

ನನ್ನ ಪ್ಯಾನ್ ಕಾರ್ಡಲ್ಲಿ ಒಂದು ಸ್ಪೆಲಿಂಗ್, ಆಧಾರಲ್ಲಿ ಇನ್ನೊಂದು, ಅಪ್ಪನ ಪಹಣಿಯಲ್ಲಿ ಮತ್ತೊಂದು. ಕೆವೈಸಿ ರಿಜೆಕ್ಟ್ ಆದಾಗೆಲ್ಲ ಕೋಪ ಬರ್ತಿತ್ತು. ಶಾಸನಗಳನ್ನ ನೋಡಿದ ಮೇಲೆ ಸಮಾಧಾನ ಆಯ್ತು. ಅಲ್ಲೂ ಒಡೆಯರು, ವೊಡೆಯರು, ವಡೆಯರು ಅಂತ ಕಲ್ಲು ಕೆತ್ತಿದವನ ಬಾಯಿಗೆ ಬಂದಂತೆ ಇದೆ. ಆರೇಳು ನೂರು ವರ್ಷದ ಬಗ್, ಈಗ ಫಿಕ್ಸ್ ಆಗುತ್ತಾ?

ಪೋಸ್ಟಿಂಗ್ ಮೇಲೆ ಬಂದ ಒಡೆಯ

ಈಗ ಇನ್ನೊಂದು ಕಡೆ. ಹದಿನಾಲ್ಕನೇ ಶತಮಾನ, ವಿಜಯನಗರ. ಶಾಸನಗಳಲ್ಲಿ ಬುಕ್ಕ ‘ವೀರ ಬುಕ್ಕಣ್ಣ ಒಡೆಯರು’. ಅವನ ಮಗ ಕುಮಾರ ಕಂಪಣ, ಮಧುರೆಯ ಸುಲ್ತಾನರನ್ನ ಗೆದ್ದವನು, ತಮಿಳು ಶಾಸನಗಳಲ್ಲಿ ‘ಕಂಪಣ ಉಡೈಯಾರ್’. ಮುಂದೆ ರಾಯ, ಮಹಾರಾಯ ಅಂತ ದೊಡ್ಡ ದೊಡ್ಡ ಬಿರುದುಗಳು ಮೆರೆದವು. ಒಡೆಯ ಅನ್ನೋದು ಕೆಳಗಿನ ಹಂತಕ್ಕೂ ಹರಡಿತು. ಪ್ರಾಂತ್ಯ ನೋಡಿಕೊಳ್ಳೋಕೆ ಕಳಿಸಿದ ಅಧಿಕಾರಿಯೂ ಒಡೆಯ.

ಕರಾವಳಿಯಲ್ಲಿ ಇದು ಚೆನ್ನಾಗಿ ಕಾಣುತ್ತೆ. ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಅಂತ ಎರಡು ಆಡಳಿತ ಘಟಕ. ಅವಕ್ಕೆ ವಿಜಯನಗರದಿಂದ ಬರ್ತಿದ್ದ ಅಧಿಕಾರಿಗಳಲ್ಲಿ ಎಷ್ಟೋ ಜನರ ಹೆಸರಿನ ಕೊನೆಗೆ ‘ಒಡೆಯ’. ಕೆಲವು ವರ್ಷ ಇರ್ತಾನೆ, ಆಮೇಲೆ ಇನ್ನೊಬ್ಬ ಬರ್ತಾನೆ. ಥೇಟ್ ಈಗಿನ ಡಿಸಿ ಟ್ರಾನ್ಸ್‌ಫರ್ ಥರ. ಆ ನೆಲ ಅವನದ್ದಲ್ಲ, ಅವನು ಹುಟ್ಟಿದ ಊರೂ ಅಲ್ಲ, ಆದರೂ ಇರೋವರೆಗೆ ಅವನೇ ಒಡೆಯ. ಪ್ರಾಡಕ್ಟ್ ಓನರ್ ನೆನಪಾಯ್ತಾ?

ಒಬ್ಬ ಮನುಷ್ಯನಲ್ಲೇ ಎರಡೂ ದಾರಿ ಸೇರಿದ್ದನ್ನ ನೋಡಬೇಕಾದ್ರೆ ಹದಿನೈದನೇ ಶತಮಾನದ ಲಕ್ಕಣ್ಣ ದಂಡೇಶನನ್ನ ನೋಡಿ. ಇಮ್ಮಡಿ ದೇವರಾಯನ ಕಾಲದ ದೊಡ್ಡ ಅಧಿಕಾರಿ, ದಂಡನಾಯಕ. ಅದೇ ಮನುಷ್ಯ ‘ಶಿವತತ್ವ ಚಿಂತಾಮಣಿ’ ಅನ್ನೋ ವೀರಶೈವ ಗ್ರಂಥ ಬರೆದವನು. ಶಾಸನಗಳಲ್ಲಿ ಅವನು ಲಕ್ಕಣ್ಣ ಒಡೆಯರ್. ಭಕ್ತರು ಕರೆದ ಒಡೆಯರಾ, ಸರ್ಕಾರ ಕೊಟ್ಟ ಒಡೆಯರಾ? ಆಗಿನ ಜನ ಈ ಪ್ರಶ್ನೆಯನ್ನೇ ಕೇಳ್ತಿರಲಿಲ್ಲ ಅನ್ಸುತ್ತೆ.

ಇಲ್ಲಿ ಇಂಗ್ಲಿಷ್ ಜೊತೆ ಒಂದು ಹೋಲಿಕೆ. ಇಂಗ್ಲಿಷಲ್ಲೂ ಪಾದ್ರಿಗೂ ಸರ್ಕಾರದವನಿಗೂ ಒಂದೇ ಪದ ಇದೆ: ಮಿನಿಸ್ಟರ್. ಚರ್ಚಲ್ಲೂ ಮಿನಿಸ್ಟರ್, ಕ್ಯಾಬಿನೆಟ್ಟಲ್ಲೂ ಮಿನಿಸ್ಟರ್. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಸೇವಕ. ನಮ್ಮ ತಾಲ್ಲೂಕು ಆಫೀಸಿನ ಕ್ಲರ್ಕ್ ಕೂಡ ಮೂಲದಲ್ಲಿ ಚರ್ಚಿನ ಕ್ಲೆರಿಕ್. ಓದು ಬರಹ ಬರ್ತಿದ್ದವರು ಅವರೇ, ಅದಕ್ಕೆ ಲೆಕ್ಕ ಬರೆಯೋ ಕೆಲಸವೂ ಅವರಿಗೇ ಬಂತು. ಅಂದ್ರೆ ಅಲ್ಲಿ ದೇವರ ಕೆಲಸದವನನ್ನೂ ದೊರೆಯ ಕೆಲಸದವನನ್ನೂ ‘ಸೇವಕ’ ಅನ್ನೋ ತುದಿಯಿಂದ ಕರೆದರು. ನಾವು ಇಬ್ಬರನ್ನೂ ‘ಯಜಮಾನ’ ಅನ್ನೋ ತುದಿಯಿಂದ ಕರೆದೆವು. ಅಲ್ಲಿಯ ಸೇವಕ ಕಾಲಕ್ರಮದಲ್ಲಿ ಯಜಮಾನನಾದ, ಅದು ನಮಗೆಲ್ಲ ಗೊತ್ತಿರೋದೇ. ನಮ್ಮ ಯಜಮಾನ ಸೇವಕ ಆದನಾ? ಬರೋಣ ಅದಕ್ಕೆ.

ಮೈಸೂರು ಮತ್ತು ಕೊಡಗು

ಮೈಸೂರಿನ ಕಥೆ ನಿಮಗೆ ಗೊತ್ತು. 1399, ಯದುರಾಯ. ಉತ್ತರದಿಂದ ಬಂದ ಇಬ್ಬರು ಅಣ್ಣತಮ್ಮಂದಿರು, ಕಷ್ಟದಲ್ಲಿದ್ದ ಮನೆತನದ ರಾಜಕುಮಾರಿ, ಕಾರುಗಹಳ್ಳಿಯ ಮಾರನಾಯಕ. ಐತಿಹ್ಯದಲ್ಲಿ ಇನ್ನೊಂದು ಪಾತ್ರ ಇದೆ, ಟಿವಿ ಕಾರ್ಯಕ್ರಮಗಳಲ್ಲಿ ಅದು ಬೇಗ ಬಂದು ಬೇಗ ಹೋಗುತ್ತೆ: ಈ ಅಣ್ಣತಮ್ಮಂದಿರಿಗೆ ಸುದ್ದಿ ಹೇಳಿ ನೆರವಾದ ಜಂಗಮ. ಅವನ ನೆನಪಿಗೇ ‘ಒಡೆಯರ್’ ಅನ್ನೋ ಹೆಸರು ಸೇರಿಸಿಕೊಂಡರು ಅಂತ ಒಂದು ಹೇಳಿಕೆ. 1810ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟ ತಂದ ಮಾರ್ಕ್ ವಿಲ್ಕ್ಸ್ ಬೇರೆ ಅರ್ಥ ಕೊಡ್ತಾನೆ: ಒಡೆಯರ್ ಅಂದ್ರೆ ಸುಮಾರು 33 ಹಳ್ಳಿಗಳ ಸಣ್ಣ ಸೀಮೆ ನೋಡಿಕೊಳ್ಳುವವನು. ಒಂದು ವಿವರಣೆ ಮಠದ ಕಡೆಯಿಂದ, ಇನ್ನೊಂದು ಕಚೇರಿ ಕಡೆಯಿಂದ. ಎರಡರಲ್ಲೂ ರಾಜ ಇಲ್ಲ, ಗಮನಿಸಿ. ರಾಜ ಬರೋದು ಆಮೇಲೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯ ಕೈಯಿಂದ ಶ್ರೀರಂಗಪಟ್ಟಣ ತಗೊಂಡ ಮೇಲೆ, ಸೀಮೆಯ ಆಡಳಿತಗಾರನ ಬಿರುದು ದೊರೆಗಳ ಮನೆತನದ ಹೆಸರಾಗಿ ನಿಂತಿತು.

ಕೊಡಗಿನ ಕಥೆ ಇನ್ನೂ ಸ್ವಾರಸ್ಯ. ಹಾಲೇರಿ ಮನೆತನದ ಮೂಲಪುರುಷ ಇಕ್ಕೇರಿ ಅರಸರ ಕಡೆಯವನು. ಪರಂಪರೆಯ ಪ್ರಕಾರ ಅವನು ಕೊಡಗಿಗೆ ಬಂದದ್ದು ಜಂಗಮನ ವೇಷದಲ್ಲಿ. ಹಾಲೇರಿಯಲ್ಲಿ ನೆಲೆ ನಿಂತ. ಜನ ಭಕ್ತಿಯಿಂದ ಕಾಣಿಕೆ ತಂದ್ರು. ಕಾಣಿಕೆ ಮೆಲ್ಲಗೆ ರೂಢಿ ಆಯ್ತು, ರೂಢಿ ಕಂದಾಯ ಆಯ್ತು, ಜಂಗಮ ದೊರೆ ಆದ. ಆ ಮನೆತನ 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನ ಇಳಿಸೋವರೆಗೂ ಆಳಿತು, ಹೆಸರಿನ ಜೊತೆ ಒಡೆಯರ್ ಇಟ್ಕೊಂಡೇ. ಮಾಸ್ತಿಯವರ ಕಾದಂಬರಿ ಓದಿದವರಿಗೆ ಆ ಕೊನೆ ಗೊತ್ತು. ಮೊದಲು ಮಾತ್ರ ಜೋಳಿಗೆಯಿಂದ ಆದದ್ದು.

ಈ ಕಥೆ ಐತಿಹ್ಯವೋ ನಿಜವೋ, ಪದದ ಗುಟ್ಟನ್ನಂತೂ ಬಿಟ್ಟುಕೊಡುತ್ತೆ. ಭಕ್ತ ತಾನಾಗೇ ಕೊಟ್ಟರೆ ಒಡೆಯ ಗುರು. ಕೊಡಲೇಬೇಕು ಅಂತಾದ್ರೆ ಒಡೆಯ ಅಧಿಕಾರಿ. ಯಾವ ದಿನ ಒಂದು ಇನ್ನೊಂದಾಯ್ತು ಅಂತ ಕೊಡೋನಿಗೆ ಗೊತ್ತಾಗಲ್ಲ. ಕರೆಯೋ ಪದ ಎರಡಕ್ಕೂ ಒಂದೇ ಅಲ್ವಾ?

ಮೈಸೂರಿನ ಕೊನೆಯ ಮಹಾರಾಜರು ಜಯಚಾಮರಾಜ ಒಡೆಯರ್. 1950ರಲ್ಲಿ ರಾಜಪ್ರಮುಖರಾದ್ರು, 1956ರಿಂದ ಮೈಸೂರು ರಾಜ್ಯದ ರಾಜ್ಯಪಾಲರು, 1964ರಿಂದ 1966ರವರೆಗೆ ಮದ್ರಾಸಿನ ರಾಜ್ಯಪಾಲರು. ವಿಜಯನಗರದ ಒಡೆಯರಂತೆ ಪೋಸ್ಟಿಂಗ್ ಮೇಲೆ ಬೇರೆ ರಾಜ್ಯಕ್ಕೂ ಹೋದ್ರು. ಅಧಿಕಾರಿಯ ಬಿರುದಾಗಿದ್ದ ಪದ ಸುತ್ತು ಹೊಡೆದು ಮತ್ತೆ ಸರ್ಕಾರಿ ಹುದ್ದೆಗೇ ಬಂತು.

ಕೊಳಗ

ಈಗ ಸಾಗರದ ಗೆಳೆಯನ ಮಾತಿಗೆ ಬರ್ತೀನಿ.

ಹಳೆ ಮೈಸೂರು ಸಂಸ್ಥಾನದ ಮಲೆನಾಡಲ್ಲಿ ಜಮೀನು ಕೆಲವರ ಕೈಯಲ್ಲಿ, ಗೇಯ್ಮೆ ಬೇರೆಯವರ ಕೈಯಲ್ಲಿ. ಗೇಣಿದಾರರು, ಹೆಚ್ಚಿನವರು ದೀವರು, ಭತ್ತ ಬೆಳೆದು ಜಮೀನ್ದಾರರಿಗೆ ಗೇಣಿ ಅಳೀಬೇಕು. ಅಳೆಯೋದು ಕೊಳಗದಲ್ಲಿ. ಜಗಳ ಆ ಕೊಳಗದ ಅಳತೆ ಮೇಲೇ ಶುರುವಾಯ್ತು. ಗೇಣಿ ಇಷ್ಟು ಕೊಳಗ ಅಂತ ಮಾತಾಗಿರುತ್ತೆ. ಕೊಳಗವೇ ದೊಡ್ಡದಾದ್ರೆ? ಮಾತು ಅದೇ, ಭತ್ತ ಹೆಚ್ಚು. ನಮ್ಮ ಭಾಷೆಯಲ್ಲಿ, ಕಾಂಟ್ರ್ಯಾಕ್ಟ್ ಬದಲಾಯಿಸದೇ ಯೂನಿಟ್ ಬದಲಾಯಿಸಿದ ಹಾಗೆ.

ಕಾಗೋಡು ಸಾಗರ ತಾಲ್ಲೂಕಿನ ಊರು. ಅಲ್ಲಿಯ ಜಮೀನ್ದಾರರು ಕೆ.ಜಿ. ಒಡೆಯರ್. 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದ್ರು. ಎಚ್. ಗಣಪತಿಯಪ್ಪನವರು ಅವರನ್ನ ಸಂಘಟಿಸಿದ್ರು. ಸಮಾಜವಾದಿಗಳು, ಶಾಂತವೇರಿ ಗೋಪಾಲಗೌಡರು, ಜೊತೆಗೆ ನಿಂತ್ರು. ಹೊಲಕ್ಕೆ ಇಳಿದು ಉಳೋದು, ಬಂಧನ ಆಗೋದು, ಮರುದಿನ ಇನ್ನೊಂದು ತಂಡ. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದ್ರು, ಅವರನ್ನೂ ಬಂಧಿಸಿದ್ರು. ಆ ಚಳವಳಿಯ ಕೂಗು ನಮಗೆಲ್ಲ ಪಠ್ಯಪುಸ್ತಕದಿಂದ ಗೊತ್ತು: ಉಳುವವನೇ ಹೊಲದೊಡೆಯ.

ಈ ಘೋಷಣೆಯನ್ನ ನಾನು ಸಾವಿರ ಸಲ ಕೇಳಿದ್ದೆ. ಬಿಸಿಬೇಳೆಬಾತ್ ಮುಂದೆ ಕೂತಾಗ ಮೊದಲ ಸಲ ಕಿವಿಗೆ ಬಿತ್ತು. ‘ಹೊಲದ ಯಜಮಾನ’ ಅನ್ನಬಹುದಿತ್ತು, ‘ಮಾಲೀಕ’ ಅನ್ನಬಹುದಿತ್ತು. ‘ಒಡೆಯ’ ಅಂತಲೇ ಅಂದರು. ಎದುರಿಗೆ ಇದ್ದದ್ದು ಒಡೆಯರ್ ಅನ್ನೋ ಹೆಸರೇ. ಬೇಕಂತ ಹಂಗೆ ಹೇಳಿದ್ರೋ ಇಲ್ವೋ, ಕಾಗೋಡಿನ ಹೊಲದಲ್ಲಿ ನಿಂತು ಅದನ್ನ ಕೂಗಿದವನ ಕಿವಿಗೆ ಹೆಂಗೆ ಕೇಳಿಸಿರಬೇಕು ಯೋಚನೆ ಮಾಡಿ.

ಅಲ್ಲಿವರೆಗಿನ ಇಡೀ ಚರಿತ್ರೆಯಲ್ಲಿ ಈ ಪದವನ್ನ ಜನ ಬೇರೆಯವರಿಗೆ ಕೊಡ್ತಾ ಬಂದಿದ್ರು. ದೇವರಿಗೆ, ಜಂಗಮನಿಗೆ, ಯತಿಗೆ, ಅಧಿಕಾರಿಗೆ, ದೊರೆಗೆ. ಬಸವಣ್ಣನವರು ಕೂಡ ಕೊಟ್ಟದ್ದು ಬೇರೆಯವರಿಗೇ. ಇಲ್ಲಿ ಗೇಯುವವರು ಅದನ್ನ ತಮಗೇ ಕೇಳಿದ್ರು.

ಫಲ ತಕ್ಷಣ ಸಿಗಲಿಲ್ಲ. 1952ರ ಮೊದಲ ಚುನಾವಣೆಯಲ್ಲಿ ಸಾಗರದ ಕಡೆಯಿಂದ ಗೋಪಾಲಗೌಡರು ವಿಧಾನಸಭೆಗೆ ಗೆದ್ರು. ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದವರು ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್. ಪ್ರಜಾಪ್ರಭುತ್ವ ಇಬ್ಬರನ್ನೂ ಕಳಿಸಿತು.

ಕಾನೂನು ಬರೋಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯ್ತು. ಭೂ ಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿ. ತಂದವರು ದೇವರಾಜ ಅರಸು. ಹೆಸರು ನೋಡಿ: ಅರಸು. ಮೈಸೂರು ರಾಜಮನೆತನದ ನೆಂಟರ ಸಮುದಾಯದವರು. ‘ಅರಸು’ ಅನ್ನೋ ಹೆಸರಿನವರು ಉಳುವವನನ್ನ ‘ಒಡೆಯ’ ಮಾಡಿದ್ರು. ಕಥೆಗಾರ ಬರೆದಿದ್ರೆ ಅತಿ ಆಯ್ತು ಅಂತಿದ್ವಿ.

ನಮ್ಮ ಎಂಟು ಎಕರೆ

ಇಲ್ಲಿಂದ ಮುಂದಿನದು ವಿಡಿಯೋದಲ್ಲಿ ಇಲ್ಲ.

ನಮ್ಮ ಮನೆತನಕ್ಕೆ ಎಂಟು ಎಕರೆ ಹೊಲ ಇತ್ತು. ಯಾವ ಕಾಲದಲ್ಲೋ ಭಕ್ತರು ಯಾರೋ ಕೊಟ್ಟದ್ದಂತೆ. ಅಜ್ಜ ನೇಗಿಲು ಹಿಡಿದವನಲ್ಲ. ಮದುವೆ, ಮನೆಶಾಂತಿ, ಮಣ್ಣು ಕೊಡೋದು, ಭಿಕ್ಷೆ, ಇಷ್ಟೇ ಅವನ ದಿನ. ಹೊಲವನ್ನ ಊರಿನ ಒಂದು ಕುಟುಂಬ ಲಾವಣಿಗೆ ಮಾಡ್ತಿತ್ತು. 1974ರ ಕಾನೂನು ಬಂದ ಮೇಲೆ ಅವರು ಫಾರಂ 7 ತುಂಬಿದ್ರು. ಭೂ ನ್ಯಾಯಮಂಡಳಿ ಹೊಲವನ್ನ ಅವರ ಹೆಸರಿಗೆ ಮಾಡಿತು.

ನಾನು ಬೆಳೆದದ್ದು ಈ ಕಥೆಯನ್ನ ಅಜ್ಜಿಯ ಬಾಯಲ್ಲಿ ಕೇಳ್ತಾ. ಅಜ್ಜಿಗೆ ಅದು ಕಳವು. “ಕಾಲಿಗೆ ಬೀಳತಿದ್ದೋರು ಕೋರ್ಟಿಗೆ ಎಳದ್ರು” ಅಂತ ಸಾಯೋವರೆಗೂ ಅಂದಳು. ಅವರ ಮನೆಯ ಮದುವೆಗೆ ಅಜ್ಜ ಹೋಗಲಿಲ್ಲ, ಭಿಕ್ಷೆಗೆ ಹೋದಾಗ ಆ ಮನೆ ದಾಟಿ ಹೋಗ್ತಿದ್ದ. ನನಗೂ ಒಳಗೊಳಗೇ ಹಂಗೇ ಇತ್ತು. ಎಂಟೆಕ್‌ಗೆ ಸಾಲ ಮಾಡುವಾಗ, ಆ ಹೊಲ ಇದ್ದಿದ್ರೆ ಅಂತ ಅನ್ನಿಸಿದ್ದೂ ಉಂಟು. ಅವತ್ತು ಪೇಟ ಹಾಕಿದಾಗ ಎರಡು ಸೆಕೆಂಡ್ ಸುಮ್ಮನಿದ್ದೆನಲ್ಲ, ಅದರ ಹಿಂದೆ ಇದೂ ಇತ್ತು. ಹೋದದ್ದು ಏನೋ ವಾಪಸ್ ಬಂದ ಹಾಗೆ.

ಸಾಗರದವನ ಮಾತು ಕೇಳಿದ ಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ರಿಟೈರ್ಡ್ ಕನ್ನಡ ಮಾಸ್ತರು. “ಅಪ್ಪಾ, ಆ ಹೊಲ ಖರೇನೂ ನಮ್ದಾಗಿತ್ತೇನು?” ಅಂದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ್ರು: “ಕಾಗದದಾಗ ನಮ್ದಿತ್ತು ತಮ್ಮಾ. ಆದ್ರ ನಿಮ್ಮಜ್ಜ ಆ ಹೊಲದ ಬದು ಎಲ್ಲೈತಿ ಅಂತ ಒಮ್ಮೆನೂ ತೋರಿಸಲಿಲ್ಲ ನನಗ. ಅವಗ ಗೊತ್ತಿದ್ರಲ್ಲ ತೋರಸಾಕ. ಬದು ತೋರಿಸಿದಾವ ಆ ಮನಿ ಹುಡುಗ. ನನ್ನ ಕ್ಲಾಸ್‌ಮೇಟ್.”

ಅಜ್ಜ ಆ ಮನೆ ದಾಟಿ ಹೋಗ್ತಿದ್ದ, ಅಪ್ಪ ಮಾತ್ರ ಆ ಹುಡುಗನ ಜೊತೆ ಅದೇ ಹೊಲದಲ್ಲಿ ಶೇಂಗಾ ಕಿತ್ತು ತಿಂತಿದ್ದನಂತೆ. ನಲವತ್ತು ವರ್ಷ ನನಗೆ ಯಾರೂ ಹೇಳಿರಲಿಲ್ಲ ಅನ್ನೋಕೆ ನನಗಿನ್ನೂ ನಲವತ್ತಾಗಿಲ್ಲ. ಆದ್ರೂ ಅಷ್ಟು ಕಾಲದ ಮಾತು ಅನ್ನಿಸ್ತು.

“ಈಗಲೂ ಸಿಕ್ರ ‘ಬರ್ರಿ ಒಡೆಯಾ’ ಅಂತಾನ” ಅಂದ್ರು ಅಪ್ಪ. “ನಾ ಅಂತೀನಿ, ಹೊಲದ ಒಡೆಯ ನೀನು, ನಾ ಹೆಸರಿನ ಒಡೆಯ. ಇಬ್ರೂ ನಗತೀವಿ. ಆದ್ರ ಅಂವ ಹಂಗ ಅನ್ನೋದ ಬಿಟ್ಟಿಲ್ಲ, ನಾ ಅನಿಸಿಕೊಳ್ಳೋದ ಬಿಟ್ಟಿಲ್ಲ.”

ಕೊನೆ ವಾಕ್ಯ ನನ್ನ ತಲೆಯಲ್ಲಿ ಉಳೀತು. ಕಾನೂನು ಹೊಲ ದಾಟಿಸಿತು. ಪದ ದಾಟಿಲ್ಲ. ಪಹಣಿಯಲ್ಲಿ ಹೆಸರು ಬದಲಾದದ್ದು ಎಪ್ಪತ್ತರ ದಶಕದಲ್ಲಿ, ದಾರಿಯಲ್ಲಿ ಸಿಕ್ಕಾಗ ಕರೆಯೋದು ಇನ್ನೂ ಹಳೆಯದೇ. ಡೇಟಾಬೇಸ್ ಮೈಗ್ರೇಟ್ ಆಗಿದೆ, ಕ್ಯಾಶ್ ಇನ್ನೂ ಕ್ಲಿಯರ್ ಆಗಿಲ್ಲ.

ಗುರುವಿನ ಹಳ್ಳಿಯಲ್ಲಿ ಕೂತು

ನಾನಿರೋ ಊರಿನ ಹೆಸರು 2016ರಲ್ಲಿ ಗುಡಗಾಂವ್ ಹೋಗಿ ಗುರುಗ್ರಾಮ ಆಯ್ತು. ದ್ರೋಣಾಚಾರ್ಯರಿಗೆ ಶಿಷ್ಯರು ಗುರುದಕ್ಷಿಣೆಯಾಗಿ ಕೊಟ್ಟ ಹಳ್ಳಿ ಅನ್ನೋ ನಂಬಿಕೆ ಆ ಹೆಸರಿನ ಹಿಂದೆ. ಅದು ಕೂಡ ನಮ್ಮದೇ ಕಥೆಯಲ್ಲವಾ? ವಿದ್ಯೆ ಕೊಟ್ಟ ಗುರುವಿಗೆ ನೆಲ ಕೊಟ್ಟರು, ನೆಲದ ಮೇಲೆ ಗುರುವಿನ ಹೆಸರು ಕೂತಿತು. ಆ ನೆಲ ಉಳುತ್ತಿದ್ದವರ ಹೆಸರು ಕಥೆಯಲ್ಲಿ ಬರಲ್ಲ. ಈಗ ಅದೇ ನೆಲದ ಮೇಲೆ ಇಪ್ಪತ್ತು ಮೂವತ್ತು ಮಹಡಿಯ ಟವರ್‌ಗಳು. ಹದಿನಾಲ್ಕನೇ ಮಹಡಿಯ ಬಾಡಿಗೆ ಫ್ಲ್ಯಾಟಲ್ಲಿ ಕೂತು ‘ಒಡೆಯರ’ ಅನ್ನೋ ನಾನು ಇದನ್ನ ಟೈಪ್ ಮಾಡ್ತಿದ್ದೀನಿ. ಫ್ಲ್ಯಾಟಿನ ಓನರ್ ನೊಯ್ಡಾದಲ್ಲಿ ಇದ್ದಾರೆ.

2020ರಲ್ಲಿ ಗಿಟ್‌ಹಬ್ ತನ್ನ ಡೀಫಾಲ್ಟ್ ಬ್ರಾಂಚ್ ಹೆಸರನ್ನ ‘ಮಾಸ್ಟರ್’ ಬಿಟ್ಟು ‘ಮೇನ್’ ಮಾಡಿದಾಗ, ನಮ್ಮ ಟೀಮಲ್ಲಿ ನಾವೆಲ್ಲ ಗೊಣಗಿದ್ವಿ. ಒಂದು ಪದದಿಂದ ಏನಾಗುತ್ತೆ ಅಂತ. ನಾನೂ ಗೊಣಗಿದ್ದೆ. ಈಗಲೂ ಹೆಸರು ಬದಲಾಯಿಸಿದ್ರೆ ಎಲ್ಲ ಸರಿಹೋಗುತ್ತೆ ಅಂತ ನಂಬಿಲ್ಲ. ನನ್ನ ಸರ್‌ನೇಮ್ ಬದಲಾಯಿಸೋ ಯೋಚನೆಯೂ ಇಲ್ಲ, ಕೆವೈಸಿ ಸಾಕಾಗಿದೆ. ಆದರೆ ಪದದಿಂದ ಏನೂ ಆಗಲ್ಲ ಅಂತ ಹೇಳೋದು ಯಾವಾಗಲೂ ಅದರಿಂದ ಗೌರವ ಪಡೆಯೋನೇ, ಅದನ್ನ ಹೇಳಬೇಕಾದವನಲ್ಲ ಅನ್ನೋದು ಈಗ ಗೊತ್ತಾಗಿದೆ.

ಹಂಗಾದ್ರೆ ಒಡೆಯರ್ ಅಂದ್ರೆ ರಾಜನಾ, ಅಯ್ಯನೋರಾ, ಆಫೀಸರಾ? ಮೂರೂ ಹೌದು. ಆದ್ರೆ ಪದದ ಅರ್ಥ ಅವರಲ್ಲಿ ಇಲ್ಲ, ಕರೆಯೋನ ಬಾಯಲ್ಲಿದೆ. ಅವನು ಯಾಕೆ ಕರೆದ, ಭಕ್ತಿಗಾ, ಭಯಕ್ಕಾ, ರೂಢಿಗಾ ಅನ್ನೋದ್ರಲ್ಲಿದೆ. ಕಲ್ಯಾಣದ ಭಂಡಾರಿ ಕರೆದದ್ದು ಒಂದು ಕಾರಣಕ್ಕೆ, ಕಾಗೋಡಿನ ಗೇಣಿದಾರ ಕರೆಯಬೇಕಾದದ್ದು ಇನ್ನೊಂದು ಕಾರಣಕ್ಕೆ. ಅಪ್ಪನ ಗೆಳೆಯ ಯಾವ ಕಾರಣಕ್ಕೆ ಕರೀತಾನೆ ಅಂತ ಅಪ್ಪನಿಗೇ ಗೊತ್ತಿಲ್ಲ.

ಈ ಸಲ ಊರಿಗೆ ಹೋದಾಗ ಆ ಹೊಲಕ್ಕೆ ಹೋಗ್ಬೇಕು ಅಂತಿದ್ದೀನಿ, ಬದು ನೋಡೋಕೆ. ತೋರಿಸ್ತೀರಾ ಅಂತ ಅಪ್ಪನ ಗೆಳೆಯರನ್ನೇ ಕೇಳ್ತೀನಿ. “ಬರ್ರಿ ಒಡೆಯಾ” ಅಂದ್ರೆ ಏನು ಹೇಳೋದು ಅಂತ ಇನ್ನೂ ಗೊತ್ತಿಲ್ಲ. ‘ಕಾಕಾ’ ಅಂತ ಕರೆದು ನೋಡ್ತೀನಿ.

ಆ ಕಮಿಟಿ ಅಂಕಲ್ ಮೊನ್ನೆ ಲಿಫ್ಟಲ್ಲಿ ಸಿಕ್ಕಿದ್ರು. “ರಾಜಾ ಸಾಹಬ್!” ಅಂದ್ರು. “ಅಲ್ಲ ಅಂಕಲ್, ನಮ್ಮಜ್ಜ ಭಿಕ್ಷೆ ತರ್ತಿದ್ರು” ಅಂತ ಹಿಂದಿಯಲ್ಲಿ ಹೇಳಿದೆ. ಅವರು ಜೋಕ್ ಅಂದ್ಕೊಂಡು ಜೋರಾಗಿ ನಕ್ಕರು. ನನ್ನ ಮಹಡಿ ಬಂತು, ಇಳಿದೆ.

ನಿಮ್ಮ ಊರಲ್ಲಿ ಯಾರನ್ನ ಒಡೆಯ ಅಂತಾರೆ? ಸ್ವಾಮಿಗಳನ್ನಾ, ಜಮೀನ್ದಾರರನ್ನಾ, ದೇವರನ್ನಾ? ‘ಬುದ್ಧಿ’, ‘ಧಣಿ’, ‘ಅಪ್ಪಾರು’ ಅಂತ ಬೇರೆ ಪದ ಇದ್ಯಾ? ಅಮ್ಮ ಅಪ್ಪನ್ನ ಕೇಳಿ ತಿಳಿಸಿ. ಮುಂದಿನ ಮಾತುಕತೆಯಲ್ಲಿ ‘ಬುದ್ಧಿ’ ಪದ ತಗೋಳೋಣ ಅಂತಿದ್ದೀನಿ. ಮಠದಲ್ಲಿ ಸ್ವಾಮಿಗಳಿಗೂ, ಹೊಲದಲ್ಲಿ ಗೌಡರಿಗೂ ‘ಬುದ್ಧಿ’ ಅನ್ನೋ ನಾಡು ನಮ್ಮದು. ಅದರ ಕಥೆಯೂ ಸಣ್ಣದಲ್ಲ.

ಸಿಗೋಣ. ನಮಸ್ಕಾರ.